ಗಂಜ್

ಬುಧವಾರ ಪೇಟೆ, ಪಾಸೋಡ್ಯಾ ವಿಠೋಬಾನ ಗುಡಿ ದಾಟಿ ಮೂರನೇ ಸಂದು.
ಕೆಪಾಸಿಟರ್ ಮಾರುವವನ ಅಟ್ಟದ ಮೇಲೆ ನನ್ನ ಅಂಗಡಿ.
ಒಂದು ತಾಯಿ ಡೆಕ್ಕು, ಎಂಟು ಮರಿ.
ತಾಯಿ ಒಮ್ಮೆ ಹೇಳಿದ್ದನ್ನು
ಮರಿಗಳು ದುಪ್ಪಟ್ಟು ವೇಗದಲ್ಲಿ ಬಾಯಿಪಾಠ ಮಾಡುತ್ತವೆ.

ಮೂವತ್ತೊಂದು ವರ್ಷ.
ಆರತಿ, ಪ್ರವಚನ, ಲಾವಣಿ, ಹತ್ತನೇ ಇಯತ್ತೆಯ ಇಂಗ್ಲಿಷು,
ಒಮ್ಮೆ ಒಬ್ಬ ವಕೀಲ ಕದ್ದು ಹಿಡಿದ ಹೆಂಡತಿಯ ಫೋನು.
ಎಲ್ಲಕ್ಕೂ ನಾನು ಮಾಡಿದ್ದು ಒಂದೇ:
ಸದ್ದಿನ ತಳದಲ್ಲಿ ಕೂತ ಗುಂಯ್ ಎಂಬುದನ್ನು
ಅಕ್ಕಿಯಿಂದ ಹಳ್ಳು ಆರಿಸಿದ ಹಾಗೆ ಆರಿಸಿ ಚೆಲ್ಲುವುದು.

ಮೇ ತಿಂಗಳು. ಲೈಟು ಹೋಗಿತ್ತು.
ಏಣಿ ಹತ್ತಿ ಬಂದಳು ಋಜುತಾ ದಾಂಡೇಕರ್,
ಹೆಗಲ ಚೀಲದಲ್ಲಿ ಐವತ್ತು ಹಳೇ ಕ್ಯಾಸೆಟ್ಟು.
ಎಲ್ಲಿಂದ? ಭಂಗಾರ್‌ನಿಂದ, ಅಂದಳು.
ಇಲ್ಲಿ ಭಂಗಾರ್ ಅಂದರೆ ಗುಜರಿ.
ಭ-ದ ಉಸಿರು ಹಿಂಡಿದರೆ ನಮ್ಮ ಕಡೆ ಚಿನ್ನ.
ಕಂಪನಿಯ ಹೆಸರು? ಗಂಜ್.
ನನಗೆ ಕೇಳಿಸಿದ್ದು ಗಂಜಿ.
ನಕ್ಕು, ಕಿಟಕಿಯ ಸರಳು ಉಗುರಿನಿಂದ ಕೆರೆದು
ಬೆರಳು ತೋರಿಸಿದಳು: ತುಕ್ಕು.

ಅವರ ನಾಲ್ಕನೇ ಆಲ್ಬಮ್ಮಂತೆ. ವಾದ್ಯವೃಂದದ ಹೆಸರು ತಿಸರೀ ಪಾಳಿ.
ಭೋಸರಿಯ ಮುಚ್ಚಿದ ಬೋಲ್ಟು ಕಾರ್ಖಾನೆ,
ಡ್ರಮ್ಮು ಬಾರಿಸುವ ಸಾದಿಕ್ ತಾಂಬೋಳಿಯ ಅಪ್ಪನೇ ಅಲ್ಲಿ ವಾಚ್‌ಮನ್ನು,
ಹಾಗಾಗಿ ಬಾಡಿಗೆ ಇಲ್ಲ.
ಕೇಳಿದೆ. ಬಾಸು ಮುಂದೆ ಮುಂದೆ ನಡೆಯುತ್ತದೆ, ಗಿಟಾರು ತಗಡು ಕೆರೆಯುತ್ತದೆ,
ಡ್ರಮ್ಮು, ಬಾಗಿಲು ತಟ್ಟಿ ಓಡಿಹೋಗುವ ಪೋರನ ಹಾಗೆ.
ಇವಳು ಹಾಡುವುದೇ ಇಲ್ಲ. ಲೈಟ್ ಬಿಲ್ಲು ಓದುತ್ತಾಳೆ:
ಸ್ಥಿರ ಆಕಾರ, ವೀಜ ಆಕಾರ, ವಹನ ಆಕಾರ,
ಮತ್ತೆ ಸ್ಥಿರ ಆಕಾರ.
ಬಿಲ್ಲಿನಲ್ಲಿ ಇಷ್ಟೊಂದು ಸಿಟ್ಟು ಇರುತ್ತದೆಂದು
ನಾನು ಕಟ್ಟುವಾಗ ಗೊತ್ತಿರಲಿಲ್ಲ.

ಪಾಪ, ಹುಡುಗರು, ಅಂದುಕೊಂಡೆ.
ಅಡಿಯಿಂದ ಮುಡಿತನಕ ಗುಂಯ್ ಇತ್ತು. ಪುಕ್ಕಟೆಯಾಗಿ ತೆಗೆದುಕೊಟ್ಟೆ.

ಮಂಗಳವಾರ ಬಂದು ಹೆಡ್‌ಫೋನು ಹಾಕಿಕೊಂಡಳು.
ಬಸ್ಸಿನಲ್ಲಿ ಪರ್ಸು ಹೋದವರ ಹಾಗೆ ಮೈ ತಡವಿಕೊಂಡು
"ಕಾಕಾ, ಘರಘರ್ ಕುಠೇ ಗೇಲಿ?"

ಎಲ್ಲಿ ಹೋಗುತ್ತದೆ? ನಾನೇ ಚೆಲ್ಲಿದೆ.

ಬೈಯಲಿಲ್ಲ. ನಿಧಾನ ಹೇಳಿದಳು:
ಕಾರ್ಖಾನೆ ಸತ್ತರೂ ಟ್ರಾನ್ಸ್‌ಫಾರ್ಮರು ಇನ್ನೂ ಜೀವಂತ.
ಅದರ ಸದ್ದಿಗೇ ತಂತಿ ಬಿಗಿದು
ಹದಿನಾರು ರಾತ್ರಿ ನುಡಿಸಿದ್ದೇವೆ, ಕಾಕಾ.
ನಾನು ಕಚೇರಿಯಿಂದ ತಂಬೂರಿಯನ್ನೇ ಎತ್ತಿ ಹೊರಗಿಟ್ಟಿದ್ದೆ.

ಐವತ್ತನ್ನೂ ಅಳಿಸಿದೆ. ಆರು ಸುತ್ತು,
ಉಳಿದೆರಡಕ್ಕೆ ಏಳನೆಯದು. ಕೂಲಿ ಕೇಳಲಿಲ್ಲ,
ಅವಳೂ ಕೊಡಲಿಲ್ಲ.

ಹೊದಿಕೆ ಅವರೇ ಮಾಡಿದರು. ಬಿಳಿ ರಟ್ಟಿನ ಮೇಲೆ
ಒದ್ದೆ ಮೊಳೆಯೊಂದನ್ನು ರಾತ್ರಿಯಿಡೀ ಮಲಗಿಸಿ ಎಬ್ಬಿಸಿದ ಕಲೆ,
ಒಂದರ ಹಾಗೆ ಇನ್ನೊಂದಿಲ್ಲ.
ಒಳಗೆ ಸಣ್ಣ ಅಕ್ಷರದಲ್ಲಿ, ಟ್ರಾನ್ಸ್‌ಫಾರ್ಮರಿನ ಹೆಸರಿನ ಕೆಳಗೆ
ಅಡಿವೆಪ್ಪ ಮಮದಾಪುರ ಅನ್ನುವಲ್ಲಿ
ಆಡವಪಾ ಮಾಮ್ದಾಪುರೆ.
ಇರಲಿ.

ಮೊನ್ನೆ ಕೊಥರೂಡಿನ ಹುಡುಗನೊಬ್ಬ ವಿಳಾಸ ಹಿಡಿದು ಬಂದ.
ಪೀಸು ಖರಾಬು, ಗುಂಯ್ ಅನ್ನುತ್ತೆ, ದುಡ್ಡು ವಾಪಸು ಕೊಡಿ.
ಸ್ಟೂಲು ಎಳೆದು ಕೂರಿಸಿದೆ. ಮೇನ್ ಸ್ವಿಚ್ಚು ಕೆಳಗೆಳೆದೆ.
ಫ್ಯಾನು ನಿಂತಿತು. ಮರಿಗಳು ನಿಂತವು. ಟ್ಯೂಬಿನ ಚೋಕು ನಿಂತಿತು.
ಮೂವತ್ತೊಂದು ವರ್ಷ ನಾನು ಕೂತಿದ್ದ ಸದ್ದು
ನಿಂತಾಗಲೇ ನನಗೂ ಕೇಳಿಸಿದ್ದು.

ಕೇಳಿಸಿತಾ? ಅಂದೆ.
ಏನು? ಅಂದ.
ಬೆವರೊರೆಸಿಕೊಂಡು ಮತ್ತೆ ದುಡ್ಡು ಕೇಳಿದ.

ಇನ್ನೂರು ಎಣಿಸಿ ಕೊಟ್ಟೆ.
ಕ್ಯಾಸೆಟ್ಟು ಈಗ ಕಪಾಟಿನಲ್ಲಿದೆ,
ಗಣಪತಿ ಆರತಿಗೂ ಹತ್ತನೇ ಇಯತ್ತೆಗೂ ನಡುವೆ.
ಮಳೆಗಾಲ ಬೇರೆ. ಕಲೆ ರಟ್ಟು ದಾಟಿ
ಪಕ್ಕದ ಗಣಪತಿಯ ಅಂಚಿಗೆ ಹತ್ತಿದೆ.
ಸರಿಸಬೇಕು, ನಾಳೆ.